ಎಲ್ಲವನ್ನೂ ಕೈಗೇ ಬಿಡುವ ಕ್ಯಾಮೆರಾ

1976ರಲ್ಲಿ ಜಪಾನಿನಿಂದ ಎರಡು ಕ್ಯಾಮೆರಾಗಳು ಮಾರುಕಟ್ಟೆಗೆ ಬಂದವು. ಒಂದು ಪೆಂಟಾಕ್ಸ್ ಕೆ1000, ಇನ್ನೊಂದು ಕ್ಯಾನನ್ ಎಇ-1. ಕೆ1000ರಲ್ಲಿ ಬ್ಯಾಟರಿಗಿದ್ದ ಕೆಲಸ ಒಂದೇ: ಬೆಳಕು ಅಳೆಯುವ ಮೀಟರಿನ ಮುಳ್ಳನ್ನು ಆಡಿಸುವುದು. ಆ ಬ್ಯಾಟರಿ ಸತ್ತರೂ ಒಂದು ಸೆಕೆಂಡಿನಿಂದ ಹಿಡಿದು ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೆ ಶಟರಿನ ಎಲ್ಲ ವೇಗಗಳೂ ಕೈಗೆ ಸಿಗುತ್ತಿದ್ದವು. ಎಇ-1ರಲ್ಲಿ ಬ್ಯಾಟರಿ ಹೋದರೆ ಶಟರ್ ಅಲುಗುತ್ತಲೇ ಇರಲಿಲ್ಲ. ಅದರೊಳಗೆ ಮೈಕ್ರೋಪ್ರೊಸೆಸರ್ ಕೂತಿತ್ತು. ಛಾಯಾಗ್ರಾಹಕ ಶಟರ್ ವೇಗ ಆರಿಸಿದರೆ ಅದಕ್ಕೆ ತಕ್ಕ ಅಪರ್ಚರನ್ನು ಅದೇ ಲೆಕ್ಕ ಹಾಕುತ್ತಿತ್ತು. ಡಿಜಿಟಲ್ ಯುಗದಲ್ಲಿ ಛಾಯಾಗ್ರಾಹಕರ ನಡುವೆ ಮತ್ತೆ ಮತ್ತೆ ಏಳುವ ಒಂದು ಬೇಡಿಕೆಯನ್ನು ಅರ್ಥಮಾಡಿಕೊಳ್ಳಲು ಈ ಜೋಡಿಯಿಂದಲೇ ಶುರುಮಾಡುವುದು ಒಳ್ಳೆಯದು. ಬೇಡಿಕೆ ಇಷ್ಟೇ: ಒಳ್ಳೆಯ ಸೆನ್ಸರ್ ಒಂದಿರಲಿ, ಶಟರಿಗೊಂದು ಡಯಲ್, ಅಪರ್ಚರಿಗೊಂದು ಬಳೆ, ಕೈಯಿಂದ ತಿರುಗಿಸುವ ಫೋಕಸ್, ನೋಡಲು ಒಂದು ವ್ಯೂಫೈಂಡರ್ ಇರಲಿ; ಆಟೋಫೋಕಸ್, ವಿಡಿಯೋ, ಮುಖ ಗುರುತಿಸುವ ಜಾಣ್ಮೆ, ನೂರೆಂಟು ಮೆನುಗಳು ಯಾವುವೂ ಬೇಡ. ಅಂದರೆ ಕೆ1000ವನ್ನೇ ಫಿಲ್ಮಿನ ಬದಲು ಸೆನ್ಸರ್ ಹಾಕಿ ಕೊಡಿ. ಕೇಳಲು ಸರಳವಾಗಿರುವ ಈ ಕ್ಯಾಮೆರಾವನ್ನು ಯಾರೂ ಅಗ್ಗವಾಗಿ ಮಾಡಿಕೊಡಲಿಲ್ಲ. ತಯಾರಕರು ಕಿವುಡರೆಂದು ಬೈಯುವವರು ಬಹಳ. ಚರಿತ್ರೆಯನ್ನು ಕೆದಕಿದರೆ ಕಾಣುವುದು ಬೇರೆ. ಬರೀ ಮ್ಯಾನುಯಲ್ ಆದ ಕ್ಯಾಮೆರಾವನ್ನು ಹೆಚ್ಚಿನ ಛಾಯಾಗ್ರಾಹಕರು ಎಂದೂ ಬಯಸಿರಲಿಲ್ಲ. ಅವರು ಬಯಸಿದ್ದು ಇನ್ನೊಂದನ್ನು, ಅದಕ್ಕೆ ತಪ್ಪು ಹೆಸರಿಟ್ಟುಕೊಂಡು ಕೇಳುತ್ತ ಬಂದರು.

ಕೆ1000 ತಾನೇ ಒಂದು ಕತ್ತರಿಸಿದ ಕ್ಯಾಮೆರಾ ಎಂಬುದು ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಮರೆತುಹೋಗುತ್ತದೆ. ಪೆಂಟಾಕ್ಸ್ ತನ್ನದೇ ಇನ್ನೊಂದು ಮಾದರಿಯಾದ ಕೆಎಂನಿಂದ ಸೆಲ್ಫ್ ಟೈಮರ್ ತೆಗೆಯಿತು, ಚಿತ್ರದ ಆಳವನ್ನು ಮೊದಲೇ ನೋಡುವ ಲಿವರನ್ನು ತೆಗೆಯಿತು, ಉಳಿದದ್ದನ್ನು ಕಡಿಮೆ ಬೆಲೆಗೆ ಮಾರಿತು. ಮೀಟರಿಗೆ ಆನ್-ಆಫ್ ಸ್ವಿಚ್ಚನ್ನೂ ಇಡಲಿಲ್ಲ. ಬ್ಯಾಟರಿ ಉಳಿಸಬೇಕೆಂದರೆ ಲೆನ್ಸಿಗೆ ಮುಚ್ಚಳ ಹಾಕಬೇಕಿತ್ತು. ಇದರ ಹಿಂದೆ ಛಾಯಾಗ್ರಹಣದ ತತ್ತ್ವವೇನೂ ಇರಲಿಲ್ಲ, ಜೇಬಿನ ಲೆಕ್ಕವಿತ್ತು. ತಯಾರಿಕೆ ಜಪಾನಿನಿಂದ ಹಾಂಗ್‌ಕಾಂಗಿಗೂ ಅಲ್ಲಿಂದ ಚೀನಾಕ್ಕೂ ಹೋದದ್ದು, ಕೊನೆಕೊನೆಗೆ ಲೋಹದ ಭಾಗಗಳ ಜಾಗಕ್ಕೆ ಪ್ಲಾಸ್ಟಿಕ್ ಬಂದದ್ದು ಕೂಡ ಅದೇ ಲೆಕ್ಕದ ಮುಂದುವರಿಕೆ. 1997ರವರೆಗೆ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಮಾರಾಟದಲ್ಲಿತ್ತು. ಅಮೆರಿಕದ ಕಾಲೇಜುಗಳ ಛಾಯಾಗ್ರಹಣ ತರಗತಿಗಳು ವಿದ್ಯಾರ್ಥಿಗಳಿಗೆ ಅದನ್ನೇ ಕೊಳ್ಳಲು ಹೇಳುತ್ತಿದ್ದವು, ಏಕೆಂದರೆ ವಿದ್ಯಾರ್ಥಿಯೊಬ್ಬ ಕೊಳ್ಳಬಹುದಾದ, ಕೆಳಗೆ ಬಿದ್ದರೂ ಉಳಿಯಬಹುದಾದ ಎಸ್‌ಎಲ್‌ಆರ್ (ಲೆನ್ಸಿನ ದೃಶ್ಯವನ್ನು ಕನ್ನಡಿಯ ಮೂಲಕ ತೋರಿಸುವ ಕ್ಯಾಮೆರಾ) ಅದಾಗಿತ್ತು. ಆದರೆ ಅದೇ ವರ್ಷದ ಎಇ-1 ಇನ್ನೂ ಮುಖ್ಯವಾದ ಪಾಠ ಕಲಿಸಿತ್ತು. ಎಲೆಕ್ಟ್ರಾನಿಕ್ ಮಂಡಲ ಹಾಕಿದ್ದರಿಂದ ಕ್ಯಾನನ್ ಸುಮಾರು ಮುನ್ನೂರು ಯಾಂತ್ರಿಕ ಭಾಗಗಳನ್ನು ಕಡಿಮೆ ಮಾಡಿತು. ಹಲ್ಲುಗಾಲಿ, ಸ್ಪ್ರಿಂಗು, ಲಿವರುಗಳನ್ನು ಒಂದೊಂದಾಗಿ ಹೊಂದಿಸುವ ಕುಶಲ ಕೈಗಳಿಗಿಂತ ಸರ್ಕ್ಯೂಟ್ ಅಗ್ಗವಾಗಿತ್ತು. ಎಇ-1 ಐವತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಸ್ವಯಂಚಾಲನೆ ಎಂದರೆ ದುಬಾರಿ, ಅದನ್ನು ಕಿತ್ತರೆ ಬೆಲೆ ಇಳಿಯುತ್ತದೆ ಎಂಬ ನಂಬಿಕೆ ಅಂದೇ, ಫಿಲ್ಮಿನ ಕಾಲದಲ್ಲೇ, ಅರ್ಧ ಸತ್ತುಹೋಗಿತ್ತು.

ಹಾಗಾದರೆ ಸ್ವಯಂಚಾಲನೆಯೊಂದೇ ಇದ್ದರೆ ಸಾಕಿತ್ತೇ? ಅದನ್ನೂ ತಯಾರಕರು ಪರೀಕ್ಷಿಸಿ ನೋಡಿದರು. ಪೆಂಟಾಕ್ಸಿನದೇ ಎಂಇ 1976ರಲ್ಲಿ, ನಿಕಾನಿನ ಇಎಂ 1979ರಲ್ಲಿ ಬಂದವು. ಎರಡರಲ್ಲೂ ಅಪರ್ಚರ್ ಛಾಯಾಗ್ರಾಹಕನದು, ಶಟರ್ ವೇಗ ಕ್ಯಾಮೆರಾದ್ದು; ತುರ್ತಿಗೆಂದು ಇಟ್ಟ ಒಂದು ಯಾಂತ್ರಿಕ ವೇಗ ಬಿಟ್ಟರೆ ಕೈಯಿಂದ ವೇಗ ಆರಿಸುವ ದಾರಿಯೇ ಇರಲಿಲ್ಲ. ಚಿಕ್ಕ, ಚೊಕ್ಕ ಕ್ಯಾಮೆರಾಗಳು. ಆದರೂ ಪೆಂಟಾಕ್ಸ್ ಕೆಲವೇ ವರ್ಷಗಳಲ್ಲಿ ಎಂಇ ಸೂಪರ್ ತಂದು ಮ್ಯಾನುಯಲ್ ವೇಗಗಳನ್ನು ವಾಪಸು ಕೊಡಬೇಕಾಯಿತು. ನಿಕಾನಿನ ಹಾದಿ ಇನ್ನೂ ಸ್ಪಷ್ಟ. 1977ರ ಎಫ್‌ಎಂ ಪೂರ್ತಿ ಯಾಂತ್ರಿಕ. ಅದರ ಬೆನ್ನಿಗೇ ಬಂದ ಎಫ್‌ಇಯಲ್ಲಿ ಆಟೋ, ಮ್ಯಾನುಯಲ್ ಎರಡೂ. 1982ರ ಎಫ್‌ಎಂ2 ಯಾಂತ್ರಿಕ ಶಟರನ್ನು ಸೆಕೆಂಡಿನ ನಾಲ್ಕು ಸಾವಿರದಲ್ಲೊಂದು ಭಾಗಕ್ಕೆ ಒಯ್ದಿತು. ಕೊನೆಗೆ 2001ರಲ್ಲಿ, ಡಿಜಿಟಲ್ ಬಾಗಿಲು ತಟ್ಟಿಯಾಗಿದ್ದಾಗ, ಎಫ್‌ಎಂ3ಎ ಬಂತು. ಅದರ ಶಟರ್ ವಿದ್ಯುತ್ತಿನಿಂದ ಸ್ವಯಂಚಾಲಿತವಾಗಿ ನಡೆಯುತ್ತಿತ್ತು, ಬ್ಯಾಟರಿ ತೆಗೆದರೆ ಎಲ್ಲ ವೇಗಗಳಲ್ಲೂ ಯಾಂತ್ರಿಕವಾಗಿಯೂ ನಡೆಯುತ್ತಿತ್ತು. ಅರ್ಧ ಶತಮಾನದ ಮ್ಯಾನುಯಲ್ ಕ್ಯಾಮೆರಾ ವಿನ್ಯಾಸ ತಲುಪಿದ ತುದಿ ಅದು ಎನ್ನಬಹುದಾದರೆ, ಆ ತುದಿಯಲ್ಲಿದ್ದದ್ದು ಆಯ್ಕೆ, ತ್ಯಾಗವಲ್ಲ. ‘ಬರೀ ಆಟೋ’ ಸೋತಂತೆಯೇ ‘ಬರೀ ಮ್ಯಾನುಯಲ್’ ಕೂಡ ತಾನಾಗಿಯೇ ಹಿಂದೆ ಸರಿದಿತ್ತು.

ಇಲ್ಲಿ ಇನ್ನೊಂದು ಗೊಂದಲವನ್ನೂ ಬಿಡಿಸಿಕೊಳ್ಳಬೇಕು. ಹಳೆಯ ಕ್ಯಾಮೆರಾ ಸರಳವಾಗಿತ್ತು ಎಂದು ನಮ್ಮಲ್ಲಿ ಹಲವರು ನೆನೆಯುವಾಗ ಮನಸ್ಸಿನಲ್ಲಿರುವುದು ಕೆ1000 ಅಲ್ಲ, ಭಾರತದಲ್ಲೇ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3. ಕರ್ನಾಟಕದ ಮಧ್ಯಮವರ್ಗದ ಮನೆಗಳ ಎಷ್ಟೋ ಕಪ್ಪುಬಿಳುಪು ಚೌಕ ಚಿತ್ರಗಳು ಅದರಿಂದ ಬಂದವು. ಅದು ಮ್ಯಾನುಯಲ್ ಕ್ಯಾಮೆರಾವೇ ಅಲ್ಲ. ಬಿಸಿಲು, ಮೋಡ ಎಂಬ ಆಯ್ಕೆ ಬಿಟ್ಟರೆ ಹೊಂದಿಸಲು ಅದರಲ್ಲಿ ಹೆಚ್ಚೇನೂ ಇರಲಿಲ್ಲ. 1900ರಲ್ಲಿ ಒಂದು ಡಾಲರಿಗೆ ಮಾರಿದ ಕೊಡಾಕಿನ ಬ್ರೌನಿಯದು ಅದೇ ವಂಶ. ಇಂದಿನ ಮೊಬೈಲ್ ಫೋನಿನದೂ ಅದೇ. ಏನನ್ನೂ ಕೇಳದ ಸರಳತೆ ಒಂದು, ಎಲ್ಲವನ್ನೂ ಕೇಳುವ ಸರಳತೆ ಇನ್ನೊಂದು. ಮೊದಲನೆಯದು ಯಾವ ಕಾಲದಲ್ಲೂ ಲಕ್ಷಗಟ್ಟಲೆ ಮಾರಿದೆ. ಈಚೆಗೆ ಹೆಸರು ಮಾಡಿದ, ಹಿಂಬದಿಗೆ ಪರದೆಯೇ ಇಲ್ಲದ ಕ್ಯಾಂಪ್ ಸ್ನ್ಯಾಪ್ ಎಂಬ ಅಗ್ಗದ ಡಿಜಿಟಲ್ ಕ್ಯಾಮೆರಾವನ್ನು ತೋರಿಸಿ, ‘ನೋಡಿ, ಜನ ಸರಳ ಕ್ಯಾಮೆರಾ ಕೊಳ್ಳುತ್ತಾರೆ’ ಎಂದು ವಾದಿಸುವವರಿದ್ದಾರೆ. ಆದರೆ ಅದರಲ್ಲಿ ಅಪರ್ಚರ್ ಬಳೆಯೂ ಇಲ್ಲ, ಶಟರ್ ಡಯಲೂ ಇಲ್ಲ. ಅದು ಬ್ರೌನಿಯ ಮರಿಮಗಳೇ ಹೊರತು ಕೆ1000ರ ಬಳಗವಲ್ಲ.

ಈಗ ಡಿಜಿಟಲ್ ಲೆಕ್ಕಕ್ಕೆ ಬರೋಣ. ಫಿಲ್ಮ್ ಕ್ಯಾಮೆರಾ ಎಂದರೆ ಬೆಳಕು ನುಗ್ಗದ ಒಂದು ಡಬ್ಬಿ, ಒಂದು ಶಟರ್, ಒಂದು ಕನ್ನಡಿ. ಚಿತ್ರ ಮೂಡಿಸುವ ಕಷ್ಟವೆಲ್ಲ ಫಿಲ್ಮಿನದು ಮತ್ತು ಲ್ಯಾಬಿನದು. ಡಿಜಿಟಲ್ ಕ್ಯಾಮೆರಾದಲ್ಲಿ ಸೆನ್ಸರ್, ಅದರ ಸಂಕೇತಗಳನ್ನು ಓದುವ ಪ್ರೊಸೆಸರ್, ನೆನಪಿನ ಕಾರ್ಡು, ಬ್ಯಾಟರಿ ಇವಿಲ್ಲದೆ ಏನೂ ನಡೆಯದು. ಇವೆಲ್ಲ ಇದ್ದ ಮೇಲೆ ಬೆಳಕನ್ನು ತಾನೇ ಅಳೆದು ಶಟರ್ ವೇಗ ನಿರ್ಧರಿಸುವುದಕ್ಕೆ ಬೇಕಾದದ್ದು ಕೆಲವು ಸಾಲು ಪ್ರೋಗ್ರಾಂ ಮಾತ್ರ. ಅದನ್ನು ತೆಗೆದುಹಾಕಿದರೆ ತಯಾರಕನಿಗೆ ಉಳಿಯುವುದು ಹೆಚ್ಚುಕಡಿಮೆ ಸೊನ್ನೆ. ಆದರೆ ಅಳತೆ ಕೆತ್ತಿದ ಡಯಲ್, ನಿಖರವಾಗಿ ಕೂರುವ ಬಳೆ, ದೊಡ್ಡ ವ್ಯೂಫೈಂಡರ್, ದೂರ ಅಳೆದು ಫೋಕಸ್ ಹೊಂದಿಸಲು ನೆರವಾಗುವ ರೇಂಜ್‌ಫೈಂಡರಿನ ಕನ್ನಡಿಗಳು ಇವು ಮಾತ್ರ ನಿಜವಾಗಿಯೂ ದುಬಾರಿ, ಏಕೆಂದರೆ ಅವುಗಳಲ್ಲಿ ಹಲವನ್ನು ಇಂದಿಗೂ ಕೈಯಿಂದ ಹೊಂದಿಸಬೇಕು. ಅಂದರೆ 1976ರ ಲೆಕ್ಕ ತಲೆಕೆಳಗಾಯಿತು: ಕಡಿಮೆ ಇರುವ ಕ್ಯಾಮೆರಾವೇ ಹೆಚ್ಚು ಬೆಲೆಯದಾಯಿತು. ಜೊತೆಗೆ ಮಾರುಕಟ್ಟೆಯೂ ಕುಗ್ಗಿತು. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಲ್ಲಿ 2010ರಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಯಿಂದ ಹೊರಬಿದ್ದಿದ್ದವು. 2023ರ ಹೊತ್ತಿಗೆ ಆ ಸಂಖ್ಯೆ 80 ಲಕ್ಷವನ್ನೂ ಮುಟ್ಟಲಿಲ್ಲ. ಇಷ್ಟು ಸಣ್ಣ ಸಂತೆಯಲ್ಲಿ ಇನ್ನಷ್ಟು ಸಣ್ಣ ಗುಂಪಿಗೆಂದೇ ಅಗ್ಗದ ಕ್ಯಾಮೆರಾ ಮಾಡಲು ಯಾವ ಕಾರ್ಖಾನೆ ತಾನೇ ಅಚ್ಚು ಎರಕ ಹಾಕೀತು?

ಆದರೂ ಒಂದು ಸಂಸ್ಥೆ ಬಹಳ ಬೇಗನೆ ಧೈರ್ಯ ಮಾಡಿತ್ತು. ಪ್ರಿಂಟರಿಗೆ ಹೆಸರಾದ ಎಪ್ಸನ್ 2004ರಲ್ಲಿ ಆರ್-ಡಿ1 ತಂದಿತು. ಪ್ರಪಂಚದ ಮೊದಲ ಡಿಜಿಟಲ್ ರೇಂಜ್‌ಫೈಂಡರ್ ಅದು. ಸುವಾದಲ್ಲಿ ನೆಲೆಯಿರುವ ಎಪ್ಸನ್, ಅದೇ ನಾಗಾನೋ ಪ್ರಾಂತ್ಯದ ಕೊಸಿನಾ ಕಂಪನಿಯ ಫಿಲ್ಮ್ ಕ್ಯಾಮೆರಾದ ಒಡಲಿಗೆ 61 ಲಕ್ಷ ಪಿಕ್ಸೆಲ್‌ಗಳ ಸೆನ್ಸರ್ ಹಾಕಿಸಿತು. ಲೈಕಾದ ಹಳೆಯ ಲೆನ್ಸುಗಳು ಅದಕ್ಕೆ ಕೂರುತ್ತಿದ್ದವು. ಮುಂದಕ್ಕೆ ಎಳೆಯಲು ಫಿಲ್ಮೇ ಇಲ್ಲದಿದ್ದರೂ ಬೆರಳಿನಿಂದ ಎಳೆಯುವ ಲಿವರ್ ಇತ್ತು. ಅದನ್ನು ಎಳೆಯದೆ ಶಟರ್ ಬೀಳುತ್ತಿರಲಿಲ್ಲ. ಅದು ಸುಮ್ಮನೆ ವೇಷವಲ್ಲ, ಶಟರಿನ ಸ್ಪ್ರಿಂಗನ್ನು ನಿಜಕ್ಕೂ ಬಿಗಿಯುತ್ತಿದ್ದದ್ದು ಆ ಲಿವರೇ. ಮೇಲ್ಗಡೆ ಕೈಗಡಿಯಾರದಂಥ ಮುಳ್ಳುಗಳು ಬ್ಯಾಟರಿ ಎಷ್ಟಿದೆ, ಇನ್ನೆಷ್ಟು ಚಿತ್ರ ಉಳಿದಿವೆ ಎಂದು ತೋರಿಸುತ್ತಿದ್ದವು. ಗಡಿಯಾರದ ಸೈಕೋ ಬಳಗಕ್ಕೆ ಸೇರಿದ ಎಪ್ಸನ್ನಿಗೆ ಅದು ಹೊಸ ವಿದ್ಯೆಯೇನಲ್ಲ. ಹಿಂಬದಿಯ ಪರದೆಯನ್ನು ಮಗುಚಿ ಒಳಮುಖ ಮಾಡಿಟ್ಟರೆ ಕ್ಯಾಮೆರಾ ಫಿಲ್ಮಿನದೇ ಆಗಿಬಿಡುತ್ತಿತ್ತು. ಇದಕ್ಕಿಂತ ಹೆಚ್ಚು ಪ್ರೀತಿಯಿಂದ ಮಾಡಿದ ಡಿಜಿಟಲ್ ಕ್ಯಾಮೆರಾ ಆ ದಶಕದಲ್ಲಿ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ಗಮನಿಸಬೇಕಾದದ್ದು, ಇಷ್ಟೆಲ್ಲ ಹಳೆಯ ನಡೆಯನ್ನು ಉಳಿಸಿಕೊಂಡ ಆರ್-ಡಿ1ರಲ್ಲೂ ಶಟರ್ ವೇಗವನ್ನು ಕ್ಯಾಮೆರಾಕ್ಕೇ ಬಿಡುವ ಸೌಲಭ್ಯ ಇತ್ತು.

ಲೈಕಾದ ಕತೆ ಇದನ್ನು ಇನ್ನೂ ಗಟ್ಟಿಮಾಡುತ್ತದೆ. 2014ರಲ್ಲಿ, ಎಂ ಸರಣಿಯ ಅರವತ್ತನೇ ವರ್ಷಕ್ಕೆಂದು, ವೆಟ್ಸ್‌ಲಾರಿನ ಈ ಸಂಸ್ಥೆ ಹಿಂಬದಿ ಪರದೆಯೇ ಇಲ್ಲದ ಕ್ಯಾಮೆರಾವನ್ನು 600ರ ಸಂಖ್ಯೆಗೆ ಮಿತಗೊಳಿಸಿ ಮಾಡಿತು. 2016ರಲ್ಲಿ ಎಂ-ಡಿ ಹೆಸರಿನಲ್ಲಿ ಅದು ಸಾಮಾನ್ಯ ಮಾರಾಟಕ್ಕೇ ಬಂತು. ಪರದೆ ಇರಬೇಕಾದ ಜಾಗದಲ್ಲಿ ಐಎಸ್‌ಒ, ಅಂದರೆ ಬೆಳಕಿಗೆ ಸ್ಪಂದಿಸುವ ಮಟ್ಟ, ಆರಿಸುವ ದುಂಡನೆಯ ಡಯಲ್. 2018ರ ಎಂ10-ಡಿಯಲ್ಲಿ ಫಿಲ್ಮ್ ಎಳೆಯುವ ಲಿವರಿನಂತೆ ಕಾಣುವ, ಆದರೆ ಹೆಬ್ಬೆರಳಿಗೆ ಆಸರೆ ಕೊಡುವುದು ಬಿಟ್ಟು ಬೇರೇನೂ ಮಾಡದ ಒಂದು ತುಂಡು. (ಎಪ್ಸನ್ನಿನ ಲಿವರ್ ದುಡಿಯುತ್ತಿತ್ತು, ಇದು ನಟಿಸುತ್ತದೆ.) 2024ರಲ್ಲಿ ಎಂ11-ಡಿ. ಪರದೆ ಕಿತ್ತದ್ದಕ್ಕೆ ಬೆಲೆ ಇಳಿಯಲಿಲ್ಲ. ಪರದೆ ಇದ್ದ ಜೊತೆಗಾರ ಮಾದರಿಗಿಂತ ಎಂ-ಡಿಯೇ ದುಬಾರಿಯಾಗಿತ್ತು. ಇವು ಮಾರಾಟವಾದವಲ್ಲವೇ, ಬೇಡಿಕೆ ಇದೆ ಎನ್ನಲು ಇಷ್ಟು ಸಾಲದೇ ಎಂದು ಕೇಳಬಹುದು. ಬೇಡಿಕೆ ಇದೆ, ನಿಜ. ಆದರೆ ಯಾವುದಕ್ಕೆ? ಈ ಕ್ಯಾಮೆರಾಗಳು ಬಿಟ್ಟುಕೊಟ್ಟದ್ದು ಪರದೆಯನ್ನು. ಸ್ವಯಂಚಾಲನೆಯನ್ನಲ್ಲ. ಲೈಕಾದ ಈ ಪರದೆರಹಿತ ಕ್ಯಾಮೆರಾಗಳ ಶಟರ್ ಡಯಲಿನ ಮೇಲೆ ‘ಎ’ ಎಂಬ ಅಕ್ಷರ ಇದ್ದೇ ಇದೆ. ಅಲ್ಲಿಗೆ ತಿರುಗಿಸಿದರೆ ವೇಗದ ಚಿಂತೆ ಕ್ಯಾಮೆರಾದ್ದು. ಅತ್ಯಂತ ಹಣವಂತ, ಅತ್ಯಂತ ಸಂಪ್ರದಾಯನಿಷ್ಠ ಗಿರಾಕಿಗೂ ಆ ಒಂದು ಅಕ್ಷರವನ್ನು ಅಳಿಸಿ ಮಾರುವ ಧೈರ್ಯ ಲೈಕಾಕ್ಕೆ ಆಗಿಲ್ಲ. ಅದೇ ಲೈಕಾ ಮೀಟರೂ ಇಲ್ಲದ, ಬ್ಯಾಟರಿಯೇ ಬೇಡದ ಎಂ-ಎ ಎಂಬ ಕ್ಯಾಮೆರಾವನ್ನು 2014ರಿಂದ ಮಾರುತ್ತ ಬಂದಿದೆ. ಆದರೆ ಅದು ಫಿಲ್ಮ್ ಕ್ಯಾಮೆರಾ.

ಇದು ಆಕಸ್ಮಿಕವಲ್ಲ. ಫಿಲ್ಮಿನ ಕಾಲದಲ್ಲಿ ಮ್ಯಾನುಯಲ್ ಕ್ಯಾಮೆರಾದ ದೊಡ್ಡ ಗುಣ ಅದರ ಸ್ವಾವಲಂಬನೆ. ಬ್ಯಾಟರಿ ಸಿಗದ ಊರಿನಲ್ಲಿ, ಹಿಮದಲ್ಲಿ, ಮೂವತ್ತು ವರ್ಷ ಕಪಾಟಿನಲ್ಲಿ ಕೂತ ಮೇಲೆ ಕೂಡ ಅದು ನಡೆಯುತ್ತಿತ್ತು. ಸೆನ್ಸರಿಗೆ ವಿದ್ಯುತ್ ಬೇಕೇ ಬೇಕು, ಅದಕ್ಕೆ ಆಯುಸ್ಸೂ ಇದೆ. ಲೈಕಾದ ಎಂ9ರಲ್ಲಿ ಸೆನ್ಸರಿನ ಮೇಲಿನ ಗಾಜು ಕೆಡುವ ತೊಂದರೆ ಕಾಣಿಸಿಕೊಂಡಾಗ ಸಂಸ್ಥೆ ಸೆನ್ಸರನ್ನೇ ಬದಲಿಸಿಕೊಡಬೇಕಾಯಿತು. ಊರಿನ ರಿಪೇರಿಯವನು ಎಣ್ಣೆ ಹಾಕಿ ಸರಿಮಾಡುವ ಮಾತಲ್ಲ ಅದು. ಮ್ಯಾನುಯಲ್ ಎಂಬುದರ ಅತಿ ಆಳದ ಅರ್ಥವೇ ಡಿಜಿಟಲ್‌ಗೆ ದಾಟಿ ಬರಲಾರದು ಎಂದಾದ ಮೇಲೆ ಉಳಿಯುವುದು ಅದರ ರೂಢಿ ಮತ್ತು ಸ್ಪರ್ಶ. ಆ ರೂಢಿಯನ್ನೂ ಡಿಜಿಟಲ್ ಬದಲಿಸಿದೆ. ಕಲರ್ ನೆಗೆಟಿವ್ ಫಿಲ್ಮ್ ಎರಡು ಸ್ಟಾಪಿನಷ್ಟು ಹೆಚ್ಚು ಬೆಳಕನ್ನೂ ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರುತ್ತಿತ್ತು. ಬಿಸಿಲಿಗೆ ಎಫ್ 16, ಮೋಡಕ್ಕೆ ಎಫ್ 8 ಎಂಬ ಅಂದಾಜು ಸಾಕಾಗುತ್ತಿತ್ತು. ಸೆನ್ಸರಿನಲ್ಲಿ ತುಂಬಿ ಹರಿದ ಬೆಳಕು ಮತ್ತೆ ಸಿಗದು, ಆ ಭಾಗ ಬರೀ ಬಿಳಿ. ಐಎಸ್‌ಒ ಕೂಡ ರೀಲು ಹಾಕುವಾಗ ಒಮ್ಮೆ ತೀರ್ಮಾನವಾಗುವ ಸಂಗತಿಯಾಗಿ ಉಳಿಯದೆ, ಪ್ರತಿ ಚಿತ್ರಕ್ಕೂ ಬದಲಾಗಬಲ್ಲ ಮೂರನೇ ಬಳೆಯಾಯಿತು. ಹೀಗೆ ಮೂರನ್ನೂ ಕೈಯಿಂದಲೇ ಹೊಂದಿಸುವುದು ಕೆ1000 ಕೇಳಿದ್ದಕ್ಕಿಂತ ಹೆಚ್ಚಿನ ಕೆಲಸ.

ಕಷ್ಟವೇ ಶಿಸ್ತು ಕಲಿಸುತ್ತದೆ ಎಂಬ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೆ1000 ಹಿಡಿದು ಕಲಿತ ಒಂದು ಪೀಳಿಗೆ ಅಪರ್ಚರ್ ಮತ್ತು ಶಟರಿನ ಸಂಬಂಧವನ್ನು ಬೆರಳಿನಲ್ಲೇ ತಿಳಿದುಕೊಂಡಿತ್ತು. ಆದರೆ ಆ ಶಿಸ್ತು ಬಂದದ್ದು ಬಳೆ ತಿರುಗಿಸಿದ್ದರಿಂದಷ್ಟೇ ಅಲ್ಲ. ರೀಲಿಗೆ 36 ಚಿತ್ರ, ಪ್ರತಿ ಚಿತ್ರಕ್ಕೂ ಖರ್ಚು, ಡೆವಲಪ್ ಆಗಿ ಬರುವವರೆಗೆ ತಪ್ಪು ತಿಳಿಯದು. ಈ ಮೂರೂ ಸೇರಿ ಗುಂಡಿ ಒತ್ತುವ ಮೊದಲು ಯೋಚಿಸುವಂತೆ ಮಾಡುತ್ತಿದ್ದವು. ಡಿಜಿಟಲ್‌ನಲ್ಲಿ ಚಿತ್ರ ಪುಕ್ಕಟೆ, ಫಲಿತಾಂಶ ತಕ್ಷಣ. ಅಲ್ಲಿ ಆಟೋ ತೆಗೆದುಹಾಕಿದರೆ ಹಳೆಯ ತಾಳ್ಮೆ ಮರಳಿ ಬರುವುದಿಲ್ಲ. ವಿದ್ಯಾರ್ಥಿ ಹತ್ತು ಸಲ ಕ್ಲಿಕ್ಕಿಸಿ ಒಂದನ್ನು ಉಳಿಸಿಕೊಳ್ಳುತ್ತಾನೆ. ಅದು ಕೆಟ್ಟ ಪಾಠವೂ ಅಲ್ಲ. ತಕ್ಷಣ ಕಾಣುವ ತಪ್ಪಿನಿಂದ ಕಲಿಯುವುದು ಒಂದು ವಾರ ಕಾದು ಕಲಿಯುವುದಕ್ಕಿಂತ ವೇಗದ ದಾರಿ.

ಎದುರು ಪಕ್ಷದವರದೂ ಒಂದು ಸಿದ್ಧ ಉತ್ತರವಿದೆ: ‘ಮ್ಯಾನುಯಲ್ ಬೇಕೇ? ನಿಮ್ಮ ಕ್ಯಾಮೆರಾದಲ್ಲೇ ಎಂ ಎಂಬ ಗುರುತಿದೆ, ಅಲ್ಲಿಗೆ ತಿರುಗಿಸಿಕೊಳ್ಳಿ, ಗಲಾಟೆ ಯಾಕೆ?’ ಈ ಉತ್ತರ ಬಾಯಿ ಮುಚ್ಚಿಸುತ್ತದೆ, ಆದರೆ ನಿಜವನ್ನು ಮುಟ್ಟುವುದಿಲ್ಲ. 1985ರಲ್ಲಿ ಮಿನೋಲ್ಟಾ 7000 ಬಂದು ಆಟೋಫೋಕಸ್ ಗೆದ್ದ ಮೇಲೆ ಇಡೀ ಉಪಕರಣವೇ ಮೋಟರಿಗೆ ಅನುಕೂಲವಾಗುವಂತೆ ಬದಲಾಯಿತು. ಮೋಟರ್ ಬೇಗ ತಿರುಗಿಸಲೆಂದು ಫೋಕಸ್ ಬಳೆಯ ಓಟ ಗಿಡ್ಡವಾಯಿತು. ಕೈಗೆ ಅದು ಸಡಿಲ, ಸೂಕ್ಷ್ಮತೆಯಿಲ್ಲದ್ದು. ದೂರದ ಅಳತೆ ಬರೆದ ಪಟ್ಟಿ ಎಷ್ಟೋ ಲೆನ್ಸುಗಳಿಂದ ಮಾಯವಾಯಿತು. ವ್ಯೂಫೈಂಡರಿನ ಗಾಜಿನ ನಡುವೆ ಇದ್ದು ಕೈಯಿಂದ ಫೋಕಸ್ ಮಾಡಲು ನೆರವಾಗುತ್ತಿದ್ದ ಮೈಕ್ರೋಪ್ರಿಸಂ ವೃತ್ತವನ್ನು ತೆಗೆದು, ಗಾಜನ್ನು ಹೊಳೆಯುವಂತೆ ಮಾಡಿದರು. ಆ ಹೊಳಪಿನಲ್ಲಿ ಎಫ್ 2.8ಕ್ಕಿಂತ ತೆರೆದ ಲೆನ್ಸಿನ ಮಸುಕು ಸರಿಯಾಗಿ ಕಾಣುವುದೇ ಇಲ್ಲ. ಅಗ್ಗದ ಡಿಜಿಟಲ್ ಎಸ್‌ಎಲ್‌ಆರ್‌ಗಳ ವ್ಯೂಫೈಂಡರಿನಲ್ಲಂತೂ ದೃಶ್ಯ ಸುರಂಗದ ಕೊನೆಯ ಕಿಟಕಿಯಂತೆ ದೂರ, ಚಿಕ್ಕದು. ಲೆನ್ಸಿನ ಅಪರ್ಚರ್ ಬಳೆ ಹೋಗಿ, ಒಂದೇ ಚಕ್ರ ಗುಂಡಿಯೊಂದನ್ನು ಒತ್ತಿದಾಗ ಅಪರ್ಚರನ್ನೂ ಬಿಟ್ಟಾಗ ಶಟರನ್ನೂ ತಿರುಗಿಸುವಂತಾಯಿತು. ಎಂ ಗುರುತು ಉಳಿಯಿತು, ಅದರ ಅಂಗಾಂಗಗಳು ಹೋದವು. ಛಾಯಾಗ್ರಾಹಕರ ಗೊಣಗಾಟಕ್ಕೆ ಇಲ್ಲಿ ಪೂರ್ತಿ ನ್ಯಾಯವಿದೆ.

ಈ ಗೊಣಗಾಟವನ್ನು ಎರಡು ಸಂಸ್ಥೆಗಳು ಎರಡು ರೀತಿ ಕೇಳಿಸಿಕೊಂಡವು. ನಿಕಾನ್ 2013ರ ನವೆಂಬರಿನಲ್ಲಿ ಡಿಎಫ್ ತಂದಿತು. ಶುದ್ಧ ಛಾಯಾಗ್ರಹಣದ ಮಾತಾಡಿ ವಿಡಿಯೋ ಕಿತ್ತುಹಾಕಿತು, ಮೇಲ್ಭಾಗದ ತುಂಬ ಕೆತ್ತಿದ ಡಯಲ್‌ಗಳನ್ನಿಟ್ಟಿತು, 1959ರ ಎಫ್ ಕಾಲದ ಲೆನ್ಸುಗಳೂ ಕೂರುವಂತೆ ಮಡಚುವ ಲಿವರ್ ಕೊಟ್ಟಿತು. ಆದರೆ ಜೊತೆಗೆ ಮಾರಿದ 50 ಮಿಮೀ ಲೆನ್ಸಿಗೆ ಹಳೆಯ ವೇಷವಿತ್ತೇ ಹೊರತು ಅಪರ್ಚರ್ ಬಳೆ ಇರಲಿಲ್ಲ. ಕೈಯಿಂದ ಫೋಕಸ್ ಮಾಡಲು ನೆರವಾಗುವ ಗಾಜನ್ನು ಬದಲಿಸಿ ಹಾಕಿಕೊಳ್ಳುವ ಅನುಕೂಲವೂ ಇರಲಿಲ್ಲ. ಬೇಡದ್ದನ್ನು ತೆಗೆದರು, ಬೇಕಾದದ್ದನ್ನು ಕೊಡಲಿಲ್ಲ. ಅದಕ್ಕೂ ಮೊದಲೇ, 2011ರಲ್ಲಿ ಮಾರಾಟಕ್ಕೆ ಬಂದಿದ್ದ ಫ್ಯೂಜಿಫಿಲ್ಮಿನ ಎಕ್ಸ್100 ವಿಷಯದ ನಾಡಿ ಹಿಡಿದಿತ್ತು. ಅದರಲ್ಲಿ ಮೋಡ್ ಆರಿಸುವ ಡಯಲೇ ಇಲ್ಲ. ಲೆನ್ಸಿನ ಬಳೆಯ ಮೇಲೆ ಒಂದು ‘ಎ’, ಶಟರ್ ಡಯಲಿನ ಮೇಲೆ ಒಂದು ‘ಎ’. ಎರಡೂ ಎ ಮೇಲಿದ್ದರೆ ಪೂರ್ತಿ ಸ್ವಯಂಚಾಲಿತ. ಒಂದನ್ನು ಸರಿಸಿದರೆ ಅದು ನಿಮ್ಮದು. ಎರಡನ್ನೂ ಸರಿಸಿದರೆ ಕ್ಯಾಮೆರಾ ಮ್ಯಾನುಯಲ್. ಆಟೋಫೋಕಸ್ ಇತ್ತು, ಮೆನುಗಳೂ ಇದ್ದವು, ಆದರೆ ಕ್ಯಾಮೆರಾ ಆಫ್ ಆಗಿದ್ದಾಗಲೂ ಅದು ಯಾವ ಸ್ಥಿತಿಯಲ್ಲಿದೆ ಎಂದು ಮೇಲಿನಿಂದ ನೋಡಿದರೆ ತಿಳಿಯುತ್ತಿತ್ತು. ಅದೇ ವಂಶದ ಎಕ್ಸ್100ವಿ ಕೆಲವು ವರ್ಷಗಳ ನಂತರ ಟಿಕ್‌ಟಾಕಿನಿಂದ ಹೆಸರಾಗಿ, ಮೂಲ ಬೆಲೆಗಿಂತ ಹೆಚ್ಚಿಗೆ ಕೈ ಬದಲಾಯಿತು. ಅಲ್ಲಿ ಫ್ಯಾಷನ್ನಿನ ಪಾಲೂ ಇದೆ, ಒಪ್ಪೋಣ. ಆದರೆ ಹತ್ತು ವರ್ಷಕ್ಕೂ ಮೀರಿ ಆ ಸರಣಿ ಬದುಕಿದ್ದು ಫ್ಯಾಷನ್ನಿನಿಂದಲ್ಲ. ನಿಕಾನ್ ಕೂಡ 2023ರ ಜೆಡ್‌ಎಫ್‌ನಲ್ಲಿ ವಿಡಿಯೋ, ಆಟೋಫೋಕಸ್ ಎಲ್ಲವನ್ನೂ ಸೇರಿಸಿಯೇ ಡಯಲ್‌ಗಳನ್ನು ಕೊಟ್ಟಿತು. ಸ್ವಯಂಚಾಲನೆ ಇರುವುದರ ಬಗ್ಗೆ ಜಗಳವಿರಲಿಲ್ಲ. ಅದು ಮೆನುವಿನೊಳಗೆ ಅಡಗಿ ಕೂತು ತಾನೇ ಯಜಮಾನನಾಗುವುದರ ಬಗ್ಗೆ ಇತ್ತು.

ಹಾಗಾದರೆ ಸಂಪೂರ್ಣ ಮ್ಯಾನುಯಲ್ಲೇ ಬೇಕೆಂದವರು ಎಲ್ಲಿ ಹೋದರು? ಅವರು ಲೆನ್ಸಿಗೆ ಹೋದರು. 2008ರ ನಂತರ ಕನ್ನಡಿಯಿಲ್ಲದ ಕ್ಯಾಮೆರಾಗಳು ಬಂದಾಗ, ಅವುಗಳ ಸೆನ್ಸರ್ ಲೆನ್ಸಿಗೆ ತೀರ ಸಮೀಪ ಇದ್ದದ್ದರಿಂದ, ಒಂದು ಲೋಹದ ಅಡಾಪ್ಟರ್ ಹಾಕಿದರೆ ಪ್ರಪಂಚದ ಹೆಚ್ಚುಕಡಿಮೆ ಎಲ್ಲ ಹಳೆಯ ಎಸ್‌ಎಲ್‌ಆರ್ ಲೆನ್ಸುಗಳೂ ಕೂರತೊಡಗಿದವು. ಫೋಕಸ್ ಆದ ಅಂಚನ್ನು ಬಣ್ಣದಲ್ಲಿ ಮಿನುಗಿಸುವ, ಚಿತ್ರದ ತುಣುಕನ್ನು ಹಿಗ್ಗಿಸಿ ತೋರಿಸುವ ಸೌಲಭ್ಯಗಳು ಹಳೆಯ ಮೈಕ್ರೋಪ್ರಿಸಂ ಕೆಲಸವನ್ನು ಇನ್ನೂ ನಿಖರವಾಗಿ ಮಾಡಿದವು. ಕೊಸಿನಾ ತನ್ನ ಫಾಕ್ಟ್‌ಲೆಂಡರ್ ಲೆನ್ಸುಗಳನ್ನು, ಜೈಸ್ ತನ್ನ ಲೋಕ್ಸಿಯಾ ಸರಣಿಯನ್ನು ಮೋಟರಿಲ್ಲದೆಯೇ ತಂದವು; ಚೀನಾದ ಟಿಟಿಆರ್ಟಿಸಾನ್, 7ಆರ್ಟಿಸಾನ್ಸ್‌ನಂಥ ಕಂಪನಿಗಳು ಅದನ್ನೇ ಅಗ್ಗಕ್ಕೆ ಮಾಡಿದವು. ಮೋಟರ್ ಇಲ್ಲ, ಫೋಕಸಿಗೊಂದು ಅಪರ್ಚರಿಗೊಂದು ಹಿತ್ತಾಳೆ ಮತ್ತು ಅಲ್ಯೂಮಿನಿಯಮ್ಮಿನ ಬಳೆ. ಕೆ1000ರ ಕಾಲದ ಹಾಗೆ ಇಲ್ಲಿ ಮಾತ್ರ ಇಂದಿಗೂ ಸ್ವಯಂಚಾಲನೆ ಕಿತ್ತರೆ ಬೆಲೆ ಇಳಿಯುತ್ತದೆ, ಏಕೆಂದರೆ ಲೆನ್ಸಿನಲ್ಲಿ ಮೋಟರಿಗೆ ನಿಜವಾದ ಖರ್ಚಿದೆ. ಹಾಗಾಗಿ ಬರೀ ಮ್ಯಾನುಯಲ್ ಡಿಜಿಟಲ್ ಕ್ಯಾಮೆರಾಕ್ಕೆ ಕಾಯುತ್ತಿರುವವರಿಗೆ ಹೇಳಬೇಕಾದದ್ದು ಇದು: ಅಂಥ ದೇಹವನ್ನು ಯಾರೂ ನಿಮ್ಮ ಜೇಬಿಗೆ ಎಟಕುವಂತೆ ಮಾಡುವುದಿಲ್ಲ, ಮಾಡಿದರೂ ವರ್ಷದೊಳಗೆ ನೀವೇ ಅದರಲ್ಲೊಂದು ‘ಎ’ ಹುಡುಕುತ್ತೀರಿ. ಒಂದು ಹಳೆಯ ಕನ್ನಡಿಯಿಲ್ಲದ ಕ್ಯಾಮೆರಾ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳಿ, ಅಪರ್ಚರ್ ಬಳೆ ಇರುವ 50 ಮಿಮೀ ಲೆನ್ಸ್ ಒಂದನ್ನು ಅದಕ್ಕೆ ಹಾಕಿ, ಪರದೆಯನ್ನು ಆಫ್ ಮಾಡಿ, ಚಿತ್ರ ತೆಗೆಯಿರಿ.